ಉಡಾವಣೆ ಹೇಳಿದ ದಿನವೇ ಆಗುವ ಸಂಭವ ಎಷ್ಟು: ಮೂರು ಡಬ್ಬಿ ಹುಣಸೆಬೀಜದ ಲೆಕ್ಕ

ನಾನು ಬೆಂಗಳೂರಿನ ಒಂದು ಸಣ್ಣ ತಂಡದಲ್ಲಿ ಉಪಗ್ರಹದ ಕಾರ್ಯಾಚರಣೆಯ ಯೋಜನೆ ನೋಡಿಕೊಳ್ಳುತ್ತೇನೆ. ನಮ್ಮ ಉಪಗ್ರಹ ಹತ್ತು ಕಿಲೋಗ್ರಾಂ ಒಳಗಿನದು. ಇಸ್ರೋದ ಪಿಎಸ್‌ಎಲ್‌ವಿ ರಾಕೆಟ್ಟಿನಲ್ಲಿ ದೊಡ್ಡದೊಂದು ಉಪಗ್ರಹದ ಜೊತೆ ಸಹಪ್ರಯಾಣಿಕನಾಗಿ ಹೋಗಬೇಕಾಗಿದ್ದ ಅದು, ಯಾವ ದಿನ ಹಾರುತ್ತದೆ ಎಂಬುದರಲ್ಲಿ ನಮ್ಮ ಮಾತೇನೂ ನಡೆಯುವಂತಿರಲಿಲ್ಲ. ಆದರೆ ಆ ದಿನದ ಮೇಲೆ ನಿಂತಿದ್ದ ಎರಡು ನಿರ್ಧಾರಗಳು ನಮ್ಮವೇ ಆಗಿದ್ದವು. ಮೊದಲನೆಯದು, ಕಕ್ಷೆ ಸೇರಿದ ಕೂಡಲೇ ಉಪಗ್ರಹದ ಸಂಕೇತ ಹಿಡಿಯಲು ಹೊರದೇಶದ ಆ್ಯಂಟೆನಾಗಳನ್ನು ಎಷ್ಟು ದಿನಕ್ಕೆ ಬಾಡಿಗೆಗೆ ಹಿಡಿಯಬೇಕು ಎಂಬುದು. ಎರಡನೆಯದು, ಉಪಗ್ರಹವನ್ನು ಅದರ ಪೆಟ್ಟಿಗೆಯೊಳಗೆ ಕೂರಿಸಿ ಒಪ್ಪಿಸಿದ ಮೇಲೆ ಬ್ಯಾಟರಿ ಮತ್ತೆ ನಮ್ಮ ಕೈಗೆ ಸಿಗುವುದಿಲ್ಲವಾದ್ದರಿಂದ, ಕೊನೆಯ ಚಾರ್ಜ್ ಎಷ್ಟು ದಿನ ತಡೆಯುವಂತಿರಬೇಕು ಎಂಬುದು.

ತಂಡದ ಮುಖ್ಯಸ್ಥರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಹೇಳಿದ ದಿನದಿಂದ ಮೂರು ದಿನದೊಳಗೆ ಹಾರುವ ಸಂಭವ ಎಷ್ಟು?" ಆ ಪ್ರಶ್ನೆಗೆ ನಾನು ಮೊದಲು ಕೊಟ್ಟ ಉತ್ತರ ತಪ್ಪಾಗಿತ್ತು. ಅದು ಹೇಗೆ ತಪ್ಪಿತು, ಸಿಮ್ಯುಲೇಷನ್ ಮಾಡಿ (ಅಂದರೆ ಉಡಾವಣೆಯನ್ನು ಲೆಕ್ಕದಲ್ಲೇ ಸಾವಿರಾರು ಸಲ ನಡೆಸಿ ನೋಡಿ) ಅದನ್ನು ಹೇಗೆ ತಿದ್ದಿಕೊಂಡೆ ಎಂಬುದನ್ನು ಇಂಥದೇ ಕೆಲಸ ಕೈಗೆ ಬಂದಿರುವವರಿಗಾಗಿ ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಸ್ಪಷ್ಟಪಡಿಸಬೇಕು. ಇಲ್ಲಿ ಬಳಸಿರುವ ಶೇಕಡಾವಾರು ಸಂಖ್ಯೆಗಳು ವಿವರಣೆಗಾಗಿ ನಾನು ತೆಗೆದುಕೊಂಡ ದುಂಡು ಸಂಖ್ಯೆಗಳು. ಅವು ನಮ್ಮ ಕಡತದ ಸಂಖ್ಯೆಗಳೂ ಅಲ್ಲ, ಪಿಎಸ್‌ಎಲ್‌ವಿಯ ಗುಣಮಟ್ಟದ ಅಳತೆಯೂ ಅಲ್ಲ. ಲೆಕ್ಕದ ರೀತಿ ಮಾತ್ರ ನಾನು ನಿಜವಾಗಿ ಮಾಡಿದ್ದೇ.

ಇನ್ನೊಂದು ಗಡಿಯನ್ನೂ ಹೇಳಿಬಿಡುತ್ತೇನೆ. ಉಡಾವಣೆಯ ದಿನಾಂಕ ಎರಡು ಬಗೆಯಲ್ಲಿ ಜಾರುತ್ತದೆ. ಉಪಗ್ರಹ ಸಿದ್ಧವಾಗದೆ, ಪರೀಕ್ಷೆ ಮುಗಿಯದೆ ತಿಂಗಳುಗಟ್ಟಲೆ ಜಾರುವುದು ಒಂದು ಬಗೆ. ಎಲ್ಲ ಪರಿಶೀಲನೆ ಮುಗಿದು, ಉಡಾವಣಾ ಅನುಮತಿ ಮಂಡಳಿ ಒಪ್ಪಿಗೆ ಕೊಟ್ಟು, ಕೌಂಟ್‌ಡೌನ್ ಶುರುವಾಗುವ ಹೊತ್ತಿನಿಂದ ಮುಂದಕ್ಕೆ ಜಾರುವುದು ಇನ್ನೊಂದು ಬಗೆ. ಇವೆರಡಕ್ಕೂ ಕಾರಣಗಳು ಬೇರೆ, ಅಳತೆಗಳೂ ಬೇರೆ. ಎರಡನ್ನೂ ಒಂದೇ ಮಾದರಿಯಲ್ಲಿ ಕಲಸಿದರೆ ಯಾವುದಕ್ಕೂ ಉತ್ತರ ಸಿಗುವುದಿಲ್ಲ. ನಾನು ತೆಗೆದುಕೊಂಡದ್ದು ಎರಡನೆಯದನ್ನು ಮಾತ್ರ.

ಮೊದಲ ಲೆಕ್ಕ ಬಹಳ ಸರಳವಾಗಿತ್ತು. ಒಂದು ದಿನ ಹವಾಮಾನ ಅನುಕೂಲವಾಗಿರುವ ಸಂಭವ ಶೇ. 70, ಹವಾಮಾನ ಸರಿಯಿದ್ದ ದಿನ ರಾಕೆಟ್, ಉಪಗ್ರಹ, ನೆಲದ ಉಪಕರಣ ಎಲ್ಲವೂ ತೊಂದರೆ ಕೊಡದೆ ಕೊನೆಯ ಕ್ಷಣದವರೆಗೆ ಸಾಗುವ ಸಂಭವ ಶೇ. 90 ಎಂದು ಇಟ್ಟುಕೊಳ್ಳೋಣ. ಎರಡನ್ನೂ ಗುಣಿಸಿದರೆ ಒಂದು ದಿನ ಹಾರುವ ಸಂಭವ ಶೇ. 63, ಹಾರದಿರುವ ಸಂಭವ ಶೇ. 37. ಮೂರು ದಿನವೂ ಹಾರದಿರುವುದು 0.37ನ್ನು ಮೂರು ಸಲ ಗುಣಿಸಿದಷ್ಟು, ಅಂದರೆ ಶೇ. 5ರ ಆಸುಪಾಸು. ಹೀಗಾಗಿ ಮೂರು ದಿನದೊಳಗೆ ಹಾರುವ ಸಂಭವ ಶೇ. 95 ಎಂದು ಬರೆದುಕೊಟ್ಟೆ. ಎಲ್ಲರಿಗೂ ಸಮಾಧಾನವಾಯಿತು. ಆ್ಯಂಟೆನಾಗಳನ್ನು ಮೂರು ದಿನಕ್ಕೆ ಹಿಡಿಯುವುದೆಂದು ಬಹುತೇಕ ತೀರ್ಮಾನವೂ ಆಯಿತು.

ಆ ವಾರದ ಕೊನೆಗೆ ಊರಿಗೆ ಹೋಗಿದ್ದಾಗ ಅಮ್ಮ ಹಪ್ಪಳ ಒಣಹಾಕುವ ಮಾತೆತ್ತಿ, "ಮಳೆ ಹಿಡಿದುಕೊಂಡಿದೆ, ಈ ವಾರ ಆಗುವ ಕೆಲಸವಲ್ಲ ಇದು" ಎಂದರು. ಹಿಡಿದುಕೊಂಡಿದೆ ಎಂಬ ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಮಳೆ ದಿನದಿನವೂ ಹೊಸದಾಗಿ ಚೀಟಿ ಎತ್ತಿ ಬರುವುದಿಲ್ಲ, ಬಂದರೆ ಹಿಡಿಯುತ್ತದೆ, ಬಿಟ್ಟರೆ ಬಿಡುವು ಕೊಡುತ್ತದೆ ಎಂಬುದು ನಮ್ಮ ಭಾಷೆಯಲ್ಲೇ ಇದೆ. ನನ್ನ ಲೆಕ್ಕದಲ್ಲಿ ಅದು ಇರಲಿಲ್ಲ. ನಿನ್ನೆ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದಿದ್ದರೆ ಇಂದು ಶ್ರೀಹರಿಕೋಟಾದ ಆಕಾಶ ತಿಳಿಯಾಗುವ ಸಂಭವ ಶೇ. 70 ಆಗಿರುವುದು ಹೇಗೆ ಸಾಧ್ಯ? ಅದರಲ್ಲೂ ಹಿಂಗಾರು ಆ ಕರಾವಳಿಗೆ ಬರುವ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ?

ಇಲ್ಲಿ ಮಳೆ ಎಂದು ನಾನು ಸಡಿಲವಾಗಿ ಹೇಳುತ್ತಿದ್ದೇನೆ. ಬರಿಯ ಮಳೆಗೆ ರಾಕೆಟ್ ನಿಲ್ಲುವುದಿಲ್ಲ. ನಿಲ್ಲುವುದು ಮಿಂಚಿಗೆ, ಮಿಂಚು ಹುಟ್ಟಿಸಬಲ್ಲ ಮೋಡಕ್ಕೆ, ಮೇಲಿನ ಪದರಗಳ ಬಿರುಗಾಳಿಗೆ. 1969ರ ನವೆಂಬರ್ 14ರಂದು ಮಳೆಯ ನಡುವೆಯೇ ಮೇಲೆದ್ದ ಅಪೊಲೊ 12ಕ್ಕೆ ಮೊದಲ ಒಂದು ನಿಮಿಷದೊಳಗೆ ಎರಡು ಸಲ ಸಿಡಿಲು ಹೊಡೆಯಿತು. ರಾಕೆಟ್ಟೂ ಅದರ ಹಿಂದಿನ ಬಿಸಿ ಅನಿಲದ ಉದ್ದನೆಯ ಬಾಲವೂ ಸೇರಿ ಮೋಡದೊಳಗಿನ ವಿದ್ಯುತ್ತಿಗೆ ದಾರಿ ಮಾಡಿಕೊಟ್ಟಿದ್ದವು. ಅಂದಿನ ಗಗನಯಾತ್ರಿಗಳು ಪಾರಾದರು, ಆದರೆ 1987ರ ಮಾರ್ಚ್‌ನಲ್ಲಿ ಅಟ್ಲಾಸ್-ಸೆಂಟಾರ್ ರಾಕೆಟ್ಟೊಂದು ಇದೇ ಕಾರಣಕ್ಕೆ ನಾಶವಾಯಿತು. ಹಾಗಾಗಿ ಹವಾಮಾನದ ನಿಯಮಗಳು ಬಿಗಿಯಾಗಿರುವುದು ಸರಿಯೇ. ಮಾದರಿ ಮಾಡುವವರು ತಿಳಿದಿರಬೇಕಾದದ್ದು ಇಷ್ಟು: "ಮಳೆ ಬಂದ ದಿನ" ಎಂಬ ಹವಾಮಾನ ದಾಖಲೆಯೂ "ಉಡಾವಣೆ ಮಾಡಲಾಗದ ದಿನ" ಎಂಬುದೂ ಒಂದೇ ಅಲ್ಲ. ನಾನು ಹಳೆಯ ದಿನವಾರು ದಾಖಲೆಗಳಲ್ಲಿ ಗುಡುಗು ವರದಿಯಾದ ದಿನಗಳನ್ನು ಬೇರೆಯಾಗಿ ಎಣಿಸಿದೆ. ಆಮೇಲೆ ಅಕ್ಕಪಕ್ಕದ ಎರಡೆರಡು ದಿನಗಳನ್ನು ಜೋಡಿಯಾಗಿ ನೋಡುತ್ತ, ಒಳ್ಳೆಯ ದಿನದ ಮರುದಿನ ಒಳ್ಳೆಯದಾದದ್ದು ಎಷ್ಟು ಸಲ, ಕೆಟ್ಟ ದಿನದ ಮರುದಿನ ಒಳ್ಳೆಯದಾದದ್ದು ಎಷ್ಟು ಸಲ ಎಂದು ಪಟ್ಟಿ ಮಾಡಿದೆ. ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿದದ್ದೂ ಹೆಚ್ಚು ಫಲ ಕೊಟ್ಟದ್ದೂ ಇದೇ ಪಟ್ಟಿ.

ದುಂಡು ಸಂಖ್ಯೆಯಲ್ಲಿ ಹೇಳುವುದಾದರೆ, ಒಳ್ಳೆಯ ದಿನದ ಮರುದಿನವೂ ಒಳ್ಳೆಯದಾಗುವ ಸಂಭವ ಶೇ. 85, ಕೆಟ್ಟ ದಿನದ ಮರುದಿನ ಒಳ್ಳೆಯದಾಗುವ ಸಂಭವ ಶೇ. 35 ಎಂದಿಟ್ಟುಕೊಳ್ಳಿ. ಒಟ್ಟಾರೆ ಸರಾಸರಿ ಆಗಲೂ ಶೇ. 70 ಆಗಿಯೇ ಉಳಿಯುತ್ತದೆ (0.7 × 0.85 + 0.3 × 0.35 = 0.7). ಸರಾಸರಿಯನ್ನಷ್ಟೇ ನೋಡಿದವರಿಗೆ ಎರಡು ಮಾದರಿಗಳಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ನನಗೂ ಕಂಡಿರಲಿಲ್ಲ.

ರಾಕೆಟ್ಟಿನ ಕಡೆಗೂ ಇಂಥದೇ ಒಂದು ತಿದ್ದುಪಡಿ ಬೇಕಿತ್ತು. ಕೌಂಟ್‌ಡೌನ್ ನಿಂತರೆ ಮರುದಿನ ಮತ್ತೆ ಪ್ರಯತ್ನಿಸುತ್ತಾರೆ ಎಂದು ನಾನು ಹೇಳದೆಯೇ ಊಹಿಸಿಕೊಂಡಿದ್ದೆ. ಶ್ರೀಹರಿಕೋಟಾದ ಇತಿಹಾಸ ಹಾಗೆ ಹೇಳುವುದಿಲ್ಲ. 2023ರ ಅಕ್ಟೋಬರ್ 21ರಂದು ಗಗನಯಾನದ ಟಿವಿ-ಡಿ1 ಪರೀಕ್ಷಾ ವಾಹನದ ಎಣಿಕೆ ಇನ್ನು ಐದೇ ಸೆಕೆಂಡು ಇದೆ ಎನ್ನುವಾಗ ತಾನಾಗಿ ನಿಂತಿತು. ಕಾರಣ ಹುಡುಕಿ ಸರಿಪಡಿಸಿ ಅದೇ ದಿನ ಬೆಳಿಗ್ಗೆ 10 ಗಂಟೆಗೆ ಹಾರಿಸಿದರು. 2019ರ ಜುಲೈ 15ರ ನಸುಕಿನಲ್ಲಿ ಚಂದ್ರಯಾನ-2ರ ಎಣಿಕೆ 56 ನಿಮಿಷ 24 ಸೆಕೆಂಡು ಉಳಿದಿರುವಾಗ ನಿಂತಿತು, ಹಾರಿದ್ದು ಒಂದು ವಾರದ ಮೇಲೆ, ಜುಲೈ 22ರಂದು. 2013ರ ಆಗಸ್ಟ್ 19ರಂದು ಜಿಎಸ್‌ಎಲ್‌ವಿ-ಡಿ5ರ ಎಣಿಕೆ 1 ಗಂಟೆ 14 ನಿಮಿಷ ಬಾಕಿಯಿರುವಾಗ ಎರಡನೆಯ ಹಂತದ ಇಂಧನ ಸೋರಿಕೆಯಿಂದ ನಿಂತಿತು, ಹಾರಿದ್ದು 2014ರ ಜನವರಿ 5ರಂದು, ಅಂದರೆ 139 ದಿನಗಳ ನಂತರ.

ಈ ಮೂರನ್ನು ಒಂದು ಹಾಳೆಯಲ್ಲಿ ಕೆಳಗೆ ಕೆಳಗೆ ಬರೆದುಕೊಂಡು ಬಹಳ ಹೊತ್ತು ನೋಡಿದೆ. ಎಣಿಕೆ ಎಷ್ಟು ತಡವಾಗಿ ನಿಂತಿತು ಎಂಬುದಕ್ಕೂ ಮತ್ತೆ ಹಾರಲು ಎಷ್ಟು ದಿನ ಬೇಕಾಯಿತು ಎಂಬುದಕ್ಕೂ ಸಂಬಂಧವೇ ಇಲ್ಲ. ಐದು ಸೆಕೆಂಡು ಬಾಕಿಯಿದ್ದಾಗ ನಿಂತದ್ದು ಎರಡು ಗಂಟೆಯೊಳಗೆ ಸರಿಹೋಗಿದೆ, ಗಂಟೆಗಿಂತ ಮೊದಲೇ ನಿಂತದ್ದು ನಾಲ್ಕೂವರೆ ತಿಂಗಳು ತೆಗೆದುಕೊಂಡಿದೆ. ಯಾವ ಭಾಗ ಕೆಟ್ಟಿತು, ಅದನ್ನು ಮುಟ್ಟಲು ಏನೇನು ಬಿಚ್ಚಬೇಕು, ಇಂಧನ ಹೊರತೆಗೆಯಬೇಕೇ, ರಾಕೆಟ್ಟನ್ನು ಜೋಡಣಾ ಕಟ್ಟಡಕ್ಕೆ ಹಿಂದಕ್ಕೆ ಒಯ್ಯಬೇಕೇ ಎಂಬುದೇ ನಿರ್ಣಾಯಕ. ನನ್ನ ಎರಡನೆಯ ಕರಡು ಮಾದರಿಯಲ್ಲಿ ದುರಸ್ತಿಯ ಅವಧಿಗೆ ಕನಿಷ್ಠ ಒಂದು ದಿನ, ಗರಿಷ್ಠ ಹದಿನಾಲ್ಕು ದಿನ ಎಂಬ ಮಿತಿ ಹಾಕಿದ್ದೆ. ಅಂದರೆ ಅದೇ ಉಡಾವಣಾ ಕೇಂದ್ರದಲ್ಲಿ ನಿಜವಾಗಿ ನಡೆದುಹೋದ ಎರಡು ಘಟನೆಗಳನ್ನು, ಅದೇ ದಿನ ಸರಿಹೋದದ್ದನ್ನೂ 139 ದಿನ ಹಿಡಿದದ್ದನ್ನೂ, ನನ್ನ ಮಾದರಿ ಅಸಾಧ್ಯವೆಂದು ಹೇಳುತ್ತಿತ್ತು. ಅಂದೇ ಆ ಮಿತಿಯನ್ನು ಕಿತ್ತುಹಾಕಿ, ಅದೇ ದಿನ, ಮರುದಿನ, ಒಂದು ವಾರದಾಚೆ, ತಿಂಗಳುಗಳಾಚೆ ಎಂಬ ನಾಲ್ಕು ಖಾನೆಗಳನ್ನು ಮಾಡಿದೆ. ನಯವಾದ ಸೂತ್ರಕ್ಕಿಂತ ಈ ಒರಟು ಖಾನೆಗಳೇ ನನಗೆ ಹೆಚ್ಚು ಪ್ರಾಮಾಣಿಕವಾಗಿ ಕಂಡವು.

ಇಲ್ಲೊಂದು ಕಷ್ಟವಿದೆ. ಜಿಎಸ್‌ಎಲ್‌ವಿಯೂ ಚಂದ್ರಯಾನವನ್ನು ಹೊತ್ತ ರಾಕೆಟ್ಟೂ ಅತಿಶೀತಲ ಇಂಧನ ಬಳಸುವಂಥವು, ಪಿಎಸ್‌ಎಲ್‌ವಿ ಹಾಗಲ್ಲ. ಅವುಗಳ ಅನುಭವವನ್ನು ಇದಕ್ಕೆ ನೇರವಾಗಿ ಅಂಟಿಸುವುದು ಅನ್ಯಾಯ. ಪಿಎಸ್‌ಎಲ್‌ವಿಯದನ್ನೇ ಎಣಿಸೋಣವೆಂದರೆ ಕೊನೆಯ ಹೊತ್ತಿನಲ್ಲಿ ನಿಂತ ಉದಾಹರಣೆಗಳು ಕೆಲವೇ. ಇಪ್ಪತ್ತು ಕೌಂಟ್‌ಡೌನ್‌ಗಳಲ್ಲಿ ಒಂದೂ ನಿಲ್ಲದಿದ್ದರೆ ಮುಂದಿನದು ನಿಲ್ಲುವ ಸಂಭವ ಸೊನ್ನೆ ಎಂದು ಬರೆಯಲು ಕೈ ಬರುವುದಿಲ್ಲ. ಇಂಥ ಕಡೆ ಫ್ರೆಂಚ್ ಗಣಿತಜ್ಞ ಲಾಪ್ಲಾಸ್‌ನ ಹಳೆಯ ನಿಯಮ ಉಪಯೋಗಕ್ಕೆ ಬರುತ್ತದೆ: ನಿಂತ ಸಂಖ್ಯೆಗೆ ಒಂದನ್ನು, ಒಟ್ಟು ಸಂಖ್ಯೆಗೆ ಎರಡನ್ನು ಸೇರಿಸಿ ಭಾಗಿಸಬೇಕು. ಇಪ್ಪತ್ತರಲ್ಲಿ ಸೊನ್ನೆ ಇದ್ದರೆ 1/22, ಅಂದರೆ ಶೇ. 4.5. ಇಪ್ಪತ್ತರಲ್ಲಿ ಎರಡು ಇದ್ದರೆ 3/22, ಅಂದರೆ ಶೇ. 13.6. ನಾನು ಒಂದೇ ಸಂಖ್ಯೆಯನ್ನು ಹಿಡಿಯದೆ ಈ ಬಗೆಯ ಕಡಿಮೆ ಅಂದಾಜು, ಹೆಚ್ಚು ಅಂದಾಜು ಎರಡನ್ನೂ ಹಾಕಿ ಮಾದರಿಯನ್ನು ಓಡಿಸಿದೆ. ಕೆಳಗಿನ ಲೆಕ್ಕಕ್ಕೆ ಮಾತ್ರ ಒಂದು ದುಂಡು ಸಂಖ್ಯೆ: ಹವಾಮಾನ ಸರಿಯಿದ್ದ ದಿನ ಹಾರುವುದು ಶೇ. 90, ಸಣ್ಣ ತೊಂದರೆಯಿಂದ ನಿಂತು ಮರುದಿನ ಮತ್ತೆ ಪ್ರಯತ್ನಿಸುವುದು ಶೇ. 5, ದೊಡ್ಡ ತೊಂದರೆಯಿಂದ ನಿಂತು ಕನಿಷ್ಠ ಒಂದು ವಾರ ಹೋಗುವುದು ಶೇ. 5.

ಇದನ್ನು ಮುಖ್ಯಸ್ಥರಿಗೆ ವಿವರಿಸಬೇಕಿತ್ತು. ಈಗಾಗಲೇ ಶೇ. 95 ಎಂದು ಕೇಳಿ ಒಪ್ಪಿಕೊಂಡಿದ್ದವರ ಮುಂದೆ ಪರದೆಯ ಮೇಲೆ ಸೂತ್ರ ತೋರಿಸಿ ಪ್ರಯೋಜನವಿಲ್ಲವೆಂದು ತಿಳಿದು, ಊರಿನಿಂದ ಬರುವಾಗ ಚೌಕಾಬಾರ ಆಡುವವರು ತೇಯುವಂತೆ ಕಲ್ಲಿನ ಮೇಲೆ ತೇಯ್ದು ಬಿಳಿ ಮಾಡಿದ ಹುಣಸೆಬೀಜಗಳನ್ನೂ ತೇಯದ ಬೀಜಗಳನ್ನೂ ತಂದಿದ್ದೆ. ಮೂರು ಡಬ್ಬಿಗಳಲ್ಲಿ ಇಪ್ಪತ್ತಿಪ್ಪತ್ತು ಬೀಜ. ಬಿಸಿಲಿನ ಡಬ್ಬಿಯಲ್ಲಿ ಹದಿನೇಳು ತೇಯ್ದವು, ಮೂರು ತೇಯದವು. ಮಳೆಯ ಡಬ್ಬಿಯಲ್ಲಿ ಏಳು ತೇಯ್ದವು, ಹದಿಮೂರು ತೇಯದವು. ರಾಕೆಟ್ಟಿನ ಡಬ್ಬಿಯಲ್ಲಿ ಹದಿನೆಂಟು ತೇಯ್ದವು, ತೇಯದ್ದೊಂದು, ಕುಂಕುಮ ಹಚ್ಚಿದ್ದೊಂದು. ಮೊದಲ ದಿನದ ಹವಾಮಾನಕ್ಕೆ ಮಾತ್ರ ಹದಿನಾಲ್ಕು ತೇಯ್ದವೂ ಆರು ತೇಯದವೂ ಇದ್ದ ಒಂದು ಬಟ್ಟೆಚೀಲ.

"ಸರ್, ಒಂದು ಬೀಜ ತೆಗೆಯಿರಿ, ನೋಡಿ, ಮತ್ತೆ ಒಳಗೆ ಹಾಕಿ ಕುಲುಕಿ" ಎಂದೆ. ಚೀಲದಿಂದ ತೇಯ್ದ ಬೀಜ ಬಂದರೆ ಇಂದು ಆಕಾಶ ಒಳ್ಳೆಯದು, ರಾಕೆಟ್ಟಿನ ಡಬ್ಬಿಗೆ ಕೈ ಹಾಕಬೇಕು. ಅಲ್ಲಿಯೂ ತೇಯ್ದದ್ದು ಬಂದರೆ ಹಾರಿತು. ತೇಯದ್ದು ಬಂದರೆ ನಾಳೆ ಮತ್ತೆ, ನಾಳೆಯ ಹವಾಮಾನ ಬಿಸಿಲಿನ ಡಬ್ಬಿಯಿಂದ. ಕುಂಕುಮದ ಬೀಜ ಬಂದರೆ ಆ ಸುತ್ತು ಮುಗಿಯಿತು. ಚೀಲದಿಂದಲೇ ತೇಯದ ಬೀಜ ಬಂದರೆ ಇಂದು ಪ್ರಯತ್ನವೇ ಇಲ್ಲ, ಮತ್ತು ನಾಳೆಯ ಹವಾಮಾನವನ್ನು ಮಳೆಯ ಡಬ್ಬಿಯಿಂದ ತೆಗೆಯಬೇಕು. ಮೊದಲ ಕೆಲವು ಸುತ್ತುಗಳಲ್ಲಿ ಅವರ ರಾಕೆಟ್ ಮೊದಲ ದಿನವೇ ಹಾರಿತು. ಆಮೇಲೆ ಒಂದು ಸುತ್ತಿನಲ್ಲಿ ಚೀಲದಿಂದ ತೇಯದ ಬೀಜ ಬಂತು. ಮಳೆಯ ಡಬ್ಬಿಗೆ ಕೈ ಹಾಕಿದರು, ತೇಯದ್ದು. ಮತ್ತೆ ಅದೇ ಡಬ್ಬಿ, ಮತ್ತೆ ತೇಯದ್ದು. ಅವರು ಕೈಯನ್ನು ಡಬ್ಬಿಯೊಳಗೇ ಇಟ್ಟುಕೊಂಡು, "ಮೂರು ದಿನವೂ ಹೋಯಿತಲ್ಲ" ಎಂದರು. ಹಾಗೆ ಮೂರು ದಿನವೂ ಮಳೆಗೆ ಹೋಗುವುದು ಈ ಡಬ್ಬಿಗಳಲ್ಲಿ ಸುಮಾರು ಎಂಟು ಸುತ್ತಿಗೊಮ್ಮೆ (0.3 × 0.65 × 0.65), ನನ್ನ ಹಳೆಯ ಲೆಕ್ಕದ ಪ್ರಕಾರವಾಗಿದ್ದರೆ ಮೂವತ್ತೇಳು ಸುತ್ತಿಗೊಮ್ಮೆ (0.3 × 0.3 × 0.3) ಎಂದು ಆಗ ಹೇಳಿದೆ. ಮುಂದಿನ ಚರ್ಚೆಗೆ ಬೇರೆ ಪೀಠಿಕೆ ಬೇಕಾಗಲಿಲ್ಲ.

ಕಂಪ್ಯೂಟರ್ ಮಾಡುವುದೂ ಇದನ್ನೇ, ಹೆಚ್ಚು ಸಲ ಮತ್ತು ಬೇಸರವಿಲ್ಲದೆ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಚಿಕ್ಕ ಕ್ರಮವಿಧಿ (ಪ್ರೋಗ್ರಾಂ) ಅದು. ಒಂದು ಸುತ್ತಿಗೆ ಒಂದು ಸಾಲು. ಹಾರಿತೋ ಇಲ್ಲವೋ ಎಂಬುದನ್ನು ಮಾತ್ರವಲ್ಲದೆ ಪ್ರತಿ ದಿನವನ್ನು ಯಾವ ಕಾರಣ ತಿಂದಿತು ಎಂಬುದನ್ನೂ ಆ ಸಾಲಿನಲ್ಲಿ ಉಳಿಸುವಂತೆ ಮಾಡಿದ್ದೆ. ಇದು ಮೊದಲ ದಿನದಿಂದಲೇ ಮಾಡಬೇಕಾದ ಕೆಲಸ, ಏಕೆಂದರೆ ಕೊನೆಗೆ ನಮಗೆ ಬೇಕಾದದ್ದು ಬಹುಮಟ್ಟಿಗೆ ಆ ಕಾರಣಗಳ ಪಟ್ಟಿಯೇ. ಎಷ್ಟು ಸುತ್ತು ಓಡಿಸಬೇಕು ಎಂದು ಹಲವರು ಕೇಳುತ್ತಾರೆ. ಸಂಭವ ಶೇ. 82ರ ಆಸುಪಾಸಿನಲ್ಲಿದ್ದರೆ 1,000 ಸುತ್ತಿಗೆ ಉತ್ತರ ಶೇ. 2.4ರಷ್ಟು ಆಚೀಚೆ ಅಲುಗಾಡುತ್ತದೆ, 10,000 ಸುತ್ತಿಗೆ ಶೇ. 0.8ರಷ್ಟು. ಒಳಗೆ ಹಾಕಿದ ಸಂಖ್ಯೆಗಳೇ ಅದಕ್ಕಿಂತ ಹೆಚ್ಚು ಅಲುಗಾಡುವಾಗ ಹತ್ತು ಸಾವಿರದ ಮೇಲೆ ಹೋಗಿ ನಾನು ಏನನ್ನೂ ಗಳಿಸುತ್ತಿರಲಿಲ್ಲ. ಇಷ್ಟು ಚಿಕ್ಕ ಮಾದರಿಯನ್ನು ಕೈಯಲ್ಲೂ ಲೆಕ್ಕ ಹಾಕಬಹುದು, ಹಾಕಿದೆ ಕೂಡ. ಮೊದಲ ಸಲ ಕೈಲೆಕ್ಕಕ್ಕೂ ಯಂತ್ರದ ಲೆಕ್ಕಕ್ಕೂ ತಾಳೆಯಾಗಲಿಲ್ಲ. ಸಣ್ಣ ತೊಂದರೆಯಿಂದ ನಿಂತ ದಿನವನ್ನು ನನ್ನ ಕ್ರಮವಿಧಿ ಮಳೆಯ ದಿನವೆಂದು ನೆನಪಿಟ್ಟುಕೊಳ್ಳುತ್ತಿತ್ತು. ಕೈಲೆಕ್ಕ ಇಲ್ಲದಿದ್ದರೆ ಆ ತಪ್ಪು ಸಿಗುತ್ತಿರಲಿಲ್ಲ.

ಉತ್ತರ ಹೀಗೆ ಬಂತು. ಮೂರು ದಿನದೊಳಗೆ ಹಾರುವ ಸಂಭವ ಶೇ. 82, ಐದು ದಿನದೊಳಗೆ ಶೇ. 89, ಏಳು ದಿನದೊಳಗೆ ಶೇ. 92. ಶೇ. 95 ಎಂದಿದ್ದದ್ದು ಶೇ. 82ಕ್ಕೆ ಇಳಿಯಿತು ಎಂದರೆ ಸಣ್ಣ ತಿದ್ದುಪಡಿಯಂತೆ ಕೇಳಿಸುತ್ತದೆ. ಆದರೆ ಹಾರದೆ ಉಳಿಯುವ ಅಪಾಯ ಶೇ. 5ರಿಂದ ಶೇ. 18ಕ್ಕೆ, ಅಂದರೆ ಮೂರು ಪಟ್ಟಿಗೂ ಮೀರಿ ಏರಿತು. ನಾವು ಹಣ ಕಟ್ಟುತ್ತಿದ್ದದ್ದು ಆ ಅಪಾಯದ ಮೇಲೆ.

ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಕಾರಣಗಳ ಪಟ್ಟಿ. ಮೂರು ದಿನದ ಗಡುವಿನಲ್ಲಿ ತಪ್ಪಿದ ಶೇ. 18ರಲ್ಲಿ ಹದಿಮೂರೂವರೆಯಷ್ಟು ಹೆಚ್ಚುಕಡಿಮೆ ಎಲ್ಲವೂ ಹವಾಮಾನದ್ದು, ನಾಲ್ಕೂವರೆಯಷ್ಟು ಮಾತ್ರ ದೊಡ್ಡ ದುರಸ್ತಿಯದು. ಏಳು ದಿನದ ಗಡುವಿನಲ್ಲಿ ತಪ್ಪಿದ ಶೇ. 7.6ರಲ್ಲಿ ಐದಕ್ಕೂ ಹೆಚ್ಚು ಪಾಲು ದೊಡ್ಡ ದುರಸ್ತಿಯದು, ಎರಡೂವರೆಯಷ್ಟು ಹವಾಮಾನದ್ದು. ಹವಾಮಾನ ಎಷ್ಟೇ ಹಿಡಿದರೂ ಒಂದು ವಾರದಲ್ಲಿ ಎಲ್ಲಾದರೂ ಬಿಡುತ್ತದೆ. ಕುಂಕುಮದ ಬೀಜ ಬಂದ ಸುತ್ತು ಮಾತ್ರ ಆ ವಾರ ಮತ್ತೆ ಏಳುವುದಿಲ್ಲ. ಗಡುವು ಬದಲಾದರೆ ಮುಖ್ಯ ಕಾರಣವೇ ಬದಲಾಗುತ್ತದೆ ಎಂಬುದು ಗೊತ್ತಾದ ಮೇಲೆ, ನಮ್ಮ ಎರಡು ನಿರ್ಧಾರಗಳಿಗೆ ಒಂದೇ ಸಂಖ್ಯೆಯನ್ನು ಉತ್ತರವಾಗಿ ಕೊಡುವುದನ್ನು ನಾನು ನಿಲ್ಲಿಸಿದೆ. ಆ್ಯಂಟೆನಾ ಬಾಡಿಗೆ ದಿನಗಳ ಪ್ರಶ್ನೆ, ಅದಕ್ಕೆ ಹವಾಮಾನದ ಹಿಡಿತವೇ ಮುಖ್ಯ. ಬ್ಯಾಟರಿ ವಾರಗಳ ಪ್ರಶ್ನೆ, ಅದಕ್ಕೆ ದುರಸ್ತಿಯ ಉದ್ದನೆಯ ಬಾಲವೇ ಮುಖ್ಯ, ಹವಾಮಾನವನ್ನು ಅಲ್ಲಿ ಬಿಟ್ಟೇ ಲೆಕ್ಕ ಹಾಕಿದರೂ ನಡೆಯುತ್ತದೆ.

ಆ್ಯಂಟೆನಾ ವಿಷಯದಲ್ಲಿ ಇನ್ನೊಂದು ಉಪಯೋಗವೂ ಆಯಿತು. ಮೊದಲ ದಿನದ ಬೆಳಗ್ಗೆ ಆಕಾಶ ಕೆಟ್ಟಿದ್ದರೆ ಮೂರು ದಿನದೊಳಗೆ ಹಾರುವ ಸಂಭವ ಎಷ್ಟಕ್ಕೆ ಇಳಿಯುತ್ತದೆ? ಹಳೆಯ ಲೆಕ್ಕದಲ್ಲಿ ಇನ್ನೂ ಎರಡು ದಿನ ಇದೆಯಲ್ಲ ಎಂಬ ಧೈರ್ಯದಲ್ಲಿ ಶೇ. 86. ಹೊಸ ಮಾದರಿಯಲ್ಲಿ ಶೇ. 53. ಅದೇ ಸ್ಥಿತಿಯಲ್ಲಿ ಬಾಡಿಗೆಯನ್ನು ಐದು ದಿನಕ್ಕೆ ವಿಸ್ತರಿಸಿದರೆ ಶೇ. 77. ಹೀಗಾಗಿ ಮೂರು ದಿನಕ್ಕೆ ಹಿಡಿದು, ಮೊದಲ ದಿನ ಮುಗಿಯುವುದರೊಳಗೆ ತಿಳಿಸಿದರೆ ಇನ್ನೆರಡು ದಿನ ಸೇರಿಸಿಕೊಳ್ಳಬಹುದು ಎಂಬ ಷರತ್ತಿಗೆ ಸ್ವಲ್ಪ ಹೆಚ್ಚು ಹಣ ಕೊಟ್ಟೆವು. ಯಾವ ಸ್ಥಿತಿಯಲ್ಲಿ ಯಾರು ಫೋನ್ ಮಾಡಬೇಕು ಎಂಬುದನ್ನೂ ಮೊದಲೇ ಬರೆದಿಟ್ಟೆವು. ಆ ಹೊತ್ತಿನಲ್ಲಿ ಎಲ್ಲರ ಕಣ್ಣೂ ಎಣಿಕೆಯ ಮೇಲಿರುತ್ತದೆ, ಲೆಕ್ಕ ಹಾಕಲು ಯಾರಿಗೂ ಬಿಡುವಿರುವುದಿಲ್ಲ.

ಬ್ಯಾಟರಿಯ ವಿಷಯದಲ್ಲಿ ನನಗೆ ಬುದ್ಧಿ ಕಲಿಸಿದ್ದು ಚಂದ್ರನತ್ತ ಹೋದ ಅಮೆರಿಕದ ಆರ್ಟೆಮಿಸ್-1 ಯಾನ. ಅದು 2022ರ ಆಗಸ್ಟ್ 29ರಂದು ಎಂಜಿನ್ ತಾಪಮಾನದ ಸಂವೇದಕದ ತೊಂದರೆಯಿಂದ ನಿಂತಿತು, ಸೆಪ್ಟೆಂಬರ್ 3ರಂದು ಹೈಡ್ರೋಜನ್ ಸೋರಿಕೆಯಿಂದ ನಿಂತಿತು, ಸೆಪ್ಟೆಂಬರ್ ಕೊನೆಗೆ ಇಯಾನ್ ಚಂಡಮಾರುತಕ್ಕಾಗಿ ಕಟ್ಟಡದೊಳಕ್ಕೆ ಹಿಂತಿರುಗಿತು, ಕೊನೆಗೆ ಹಾರಿದ್ದು ನವೆಂಬರ್ 16ರಂದು. ಈ ನಡುವೆ ಅದರ ಸ್ವಯಂನಾಶ ವ್ಯವಸ್ಥೆಯ (ದಾರಿ ತಪ್ಪಿದರೆ ರಾಕೆಟ್ಟನ್ನು ನಾಶಮಾಡುವಂಥದ್ದು) ಬ್ಯಾಟರಿಗಳಿಗೆ ಬೇರೆಯೇ ಒಂದು ಗಡುವಿತ್ತು. 20 ದಿನಗಳಿದ್ದ ಆ ಗಡುವನ್ನು ಮೊದಲ ಪ್ರಯತ್ನದ ಹೊತ್ತಿಗೇ 25 ದಿನಗಳಿಗೆ ವಿಸ್ತರಿಸಿಕೊಂಡಿದ್ದರು, ಮತ್ತು ಆ ಬ್ಯಾಟರಿಗಳ ಕೆಲಸಕ್ಕೆ ರಾಕೆಟ್ಟನ್ನು ಕಟ್ಟಡಕ್ಕೆ ಒಯ್ಯಬೇಕಿತ್ತು. ಒಂದು ಸೋರಿಕೆಯಿಂದ ಹೋದ ದಿನ ಆ ಸೋರಿಕೆಯ ಲೆಕ್ಕದಲ್ಲಿ ಮಾತ್ರ ಕಳೆಯುವುದಿಲ್ಲ, ಉಳಿದ ಗಡಿಯಾರಗಳಲ್ಲೂ ಕಳೆಯುತ್ತದೆ. ನಮ್ಮ ಪುಟ್ಟ ಬ್ಯಾಟರಿಯೂ ಅಂಥ ಒಂದು ಗಡಿಯಾರವೇ. ಅದನ್ನು ಮಾದರಿಯೊಳಗೆ ಸೇರಿಸಿದ ಮೇಲೆ, ಚಾರ್ಜ್ ಎಷ್ಟು ದಿನ ತಡೆಯಬೇಕು ಎಂಬ ಪ್ರಶ್ನೆ ನಿಧಾನವಾಗಿ ಬೇರೆ ರೂಪ ತಾಳಿತು: ತಿಂಗಳುಗಳಾಚೆಯ ಖಾನೆಗೆ ಬಿದ್ದರೆ ಯಾವ ಬ್ಯಾಟರಿಯಾದರೂ ಸಾಲುವುದಿಲ್ಲ, ಹಾಗಾದಾಗ ಪೆಟ್ಟಿಗೆ ತೆರೆಯದೆ ಹೊರಗಿನಿಂದ ಚಾರ್ಜ್ ಮಾಡಲು ಒಂದು ದಾರಿ ಇರಬೇಕು. ನಮ್ಮ ವಿದ್ಯುತ್ ವಿಭಾಗದ ಸಹೋದ್ಯೋಗಿ ಅದನ್ನು ತಿಂಗಳುಗಳಿಂದ ಕೇಳುತ್ತಿದ್ದರು. ಈ ಲೆಕ್ಕ ಕೈಗೆ ಬಂದ ಮೇಲೆ ಅವರ ಬೇಡಿಕೆಗೆ ಒಪ್ಪಿಗೆ ಸಿಕ್ಕಿತು. ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಸಂಗತಿ ಅದು.

ಮಾದರಿಯನ್ನು ಹಳೆಯ ಉಡಾವಣೆಯೊಂದರ ಮೇಲೆ ಇಟ್ಟು ನೋಡೋಣವೆಂದು ಮಂಗಳಯಾನವನ್ನು ತೆಗೆದುಕೊಂಡೆ. ಅದೂ ಪಿಎಸ್‌ಎಲ್‌ವಿ, ಅದೂ ಹಿಂಗಾರಿನ ಕಾಲ. ಅದರ ಉಡಾವಣೆಗೆ ಇದ್ದ ಅವಕಾಶ 2013ರ ಅಕ್ಟೋಬರ್ 28ರಿಂದ ನವೆಂಬರ್ 19ರವರೆಗೆ. ಮೊದಲು 28ರಂದೇ ಎಂದಿದ್ದದ್ದು ಎಂಟು ದಿನ ಮುಂದಕ್ಕೆ ಹೋಗಿ ನವೆಂಬರ್ 5ರ ಮಧ್ಯಾಹ್ನ 2 ಗಂಟೆ 38 ನಿಮಿಷಕ್ಕೆ ಆಯಿತು. ನನ್ನ ಮಾದರಿಗೆ ಎಂಟು ದಿನದ ವಿಳಂಬ ಹೊಸದೇನಲ್ಲ, ಅಂಥ ಸುತ್ತುಗಳು ಅದರಲ್ಲಿ ಧಾರಾಳವಾಗಿದ್ದವು. ಆದರೆ ನಿಜವಾದ ಕಾರಣ ಅದರ ಯಾವ ಖಾನೆಯಲ್ಲೂ ಇರಲಿಲ್ಲ. ಆ ಯಾನದಲ್ಲಿ ರಾಕೆಟ್ಟಿನ ನಾಲ್ಕನೆಯ ಹಂತ ಉರಿಯುವುದು ದಕ್ಷಿಣ ಪೆಸಿಫಿಕ್ ಸಾಗರದ ಮೇಲೆ. ನೆಲದ ಕೇಂದ್ರಗಳಿಗೆ ಕಾಣದ ಆ ಘಟ್ಟವನ್ನು ನೋಡಲು ನಳಂದ, ಯಮುನಾ ಎಂಬ ಎರಡು ಹಡಗುಗಳಲ್ಲಿ ಉಪಕರಣ ಇಟ್ಟು ಕಳುಹಿಸಿದ್ದರು. ಅವುಗಳಲ್ಲಿ ನಳಂದ ಸಮುದ್ರದ ಕೆಟ್ಟ ಹವಾಮಾನಕ್ಕೆ ಸಿಕ್ಕಿ ಫಿಜಿ ತಲುಪುವುದು ತಡವಾಯಿತು. ನಾನು ಶ್ರೀಹರಿಕೋಟಾದ ಆಕಾಶವನ್ನು ದಿನದಿನವೂ ಎಣಿಸುತ್ತ ಕುಳಿತಿದ್ದೆ. ತಡ ಮಾಡಿದ ಹವಾಮಾನ ಸಾವಿರಾರು ಕಿಲೋಮೀಟರ್ ದೂರದ ಸಾಗರದ್ದು.

ಇದಾದ ಮೇಲೆ ನಾನು ಮಾದರಿಯ ಮುಂದೆ ಕುಳಿತು, "ನಮ್ಮ ಹಡಗು ಯಾವುದು?" ಎಂದು ಕೇಳಿಕೊಳ್ಳುವ ಅಭ್ಯಾಸ ಮಾಡಿಕೊಂಡೆ. ನಮ್ಮ ಮಟ್ಟಿಗೆ ಅದು ದೊಡ್ಡ ಉಪಗ್ರಹವೇ. ಸಹಪ್ರಯಾಣಿಕರಾದ ನಾವು ಸಿದ್ಧವಾಗಿದ್ದರೂ, ರಾಕೆಟ್ ಸಿದ್ಧವಾಗಿದ್ದರೂ, ಮುಖ್ಯ ಪ್ರಯಾಣಿಕ ನಿಂತರೆ ಎಲ್ಲರೂ ನಿಲ್ಲಬೇಕು. 2024ರ ಡಿಸೆಂಬರ್ 4ರಂದು ಯುರೋಪಿನ ಪ್ರೋಬಾ-3 ಹೊತ್ತು ನಿಂತಿದ್ದ ಪಿಎಸ್‌ಎಲ್‌ವಿ-ಸಿ59 ಮರುದಿನಕ್ಕೆ ಹೋದದ್ದು ರಾಕೆಟ್ಟಿನಿಂದಲ್ಲ, ಉಪಗ್ರಹದಲ್ಲಿ ಕಂಡ ದೋಷದಿಂದ. ಆ ಕಾರಣಕ್ಕೊಂದು ಡಬ್ಬಿ ಸೇರಿಸಿದೆ. ಕಕ್ಷೆಯಲ್ಲಿನ ಬೇರೆ ವಸ್ತುಗಳಿಗೆ ಡಿಕ್ಕಿಯಾಗದಂತೆ ಒಂದೆರಡು ನಿಮಿಷ ತಡಮಾಡುವುದೂ ಉಂಟು. ಪಿಎಸ್‌ಎಲ್‌ವಿ-ಸಿ56 ಒಂದು ನಿಮಿಷ, ಪಿಎಸ್‌ಎಲ್‌ವಿ-ಸಿ60 ಎರಡು ನಿಮಿಷ ಹೀಗೆ ತಡವಾಗಿ ಏರಿದವು. ನಮ್ಮ ನಿರ್ಧಾರಗಳು ದಿನದ ಅಳತೆಯವಾದ್ದರಿಂದ ಅದನ್ನು ಬಿಟ್ಟೆ. ನಿಮಿಷವೊಂದೇ ಅವಕಾಶವಿರುವ ಉಡಾವಣೆಗೆ ಮಾದರಿ ಮಾಡುವವರು ಬಿಡಬಾರದು.

ನಮ್ಮ ಉಡಾವಣೆ ಮೊದಲ ದಿನವೇ, ಹೇಳಿದ ನಿಮಿಷಕ್ಕೇ ಆಯಿತು. ಆ ಹೆಚ್ಚಿನ ಎರಡು ದಿನಗಳ ಷರತ್ತನ್ನು ನಾವು ಬಳಸಲಿಲ್ಲ. ಭೂಮಿಯ ಸುತ್ತ ಹಾಕಿದ ಮೊದಲ ಸುತ್ತಿನಲ್ಲೇ ಉಪಗ್ರಹದ ಸಂಕೇತ ಸಿಕ್ಕಾಗ ಕೋಣೆಯಲ್ಲಿದ್ದ ಯಾರಿಗೂ ನನ್ನ ಲೆಕ್ಕದ ನೆನಪಿರಲಿಲ್ಲ, ನನಗೂ ಇರಲಿಲ್ಲ. ಮರುದಿನ ಸಹೋದ್ಯೋಗಿಯೊಬ್ಬರು, "ಅಂತೂ ನಿಮ್ಮ ಲೆಕ್ಕ ಸರಿಯಾಯಿತು" ಎಂದರು. ಒಂದು ಉಡಾವಣೆಯಿಂದ ಲೆಕ್ಕ ಸರಿಯೆಂದೂ ತಪ್ಪೆಂದೂ ಹೇಳಲಾಗದು ಎಂದು ಅವರಿಗೆ ವಿವರಿಸಿದೆ. ಶೇ. 95 ಎಂದಿದ್ದ ನನ್ನ ಹಳೆಯ ತಪ್ಪು ಲೆಕ್ಕಕ್ಕೂ ಅಂದು ಇದೇ ಫಲಿತಾಂಶ ಸಿಗುತ್ತಿತ್ತು.

ಅದಕ್ಕಾಗಿ ಅಂದಿನಿಂದ ಒಂದು ಹಾಳೆ ಇಟ್ಟಿದ್ದೇನೆ. ಶ್ರೀಹರಿಕೋಟಾದಿಂದ ಯಾವುದೇ ಉಡಾವಣೆಯ ದಿನಾಂಕ ಪ್ರಕಟವಾದಾಗ, ಕೌಂಟ್‌ಡೌನ್ ಶುರುವಾಗುವ ಮೊದಲು, ಮೊದಲ ದಿನಕ್ಕೆ, ಮೂರು ದಿನಕ್ಕೆ, ಏಳು ದಿನಕ್ಕೆ ನನ್ನ ಮಾದರಿ ಕೊಡುವ ಸಂಭವಗಳನ್ನು ಬರೆದು ತಾರೀಖು ಹಾಕುತ್ತೇನೆ. ಆದ ಮೇಲೆ ಪಕ್ಕದಲ್ಲಿ ಒಂದು ಅಥವಾ ಸೊನ್ನೆ ಬರೆದು, ಹೇಳಿದ್ದಕ್ಕೂ ಆದದ್ದಕ್ಕೂ ಇರುವ ಅಂತರದ ವರ್ಗವನ್ನು (ಅಂತರವನ್ನು ಅದರಿಂದಲೇ ಗುಣಿಸಿದ್ದನ್ನು) ಮುಂದಿನ ಕಂಬದಲ್ಲಿ ಕೂಡಿಸುತ್ತೇನೆ. ತಡವಾದರೆ ಕಾರಣಕ್ಕೊಂದು ಕಂಬ. ಅದರ ಪಕ್ಕದಲ್ಲಿ, ಆ ಕಾರಣ ನನ್ನ ಡಬ್ಬಿಗಳಲ್ಲಿ ಮೊದಲೇ ಇತ್ತೇ ಇಲ್ಲವೇ ಎಂಬುದಕ್ಕೆ ಇನ್ನೊಂದು. ಸಾಲುಗಳು ಇನ್ನೂ ಕೆಲವೇ ಇವೆ. ನಾನು ಮೊದಲು ನೋಡುವುದು ಆ ಕೊನೆಯ ಕಂಬವನ್ನು.